ಝೇಲಮ್ ದಂಡೆಯ ಗದ್ದಲ

ದಂಡು ಹೊಳೆ ದಾಟುವುದರಲ್ಲೂ ಒಂದು ಸೊಗಸಿದೆ ಎಂದು ನನಗೆ ತೋರಿಸಿಕೊಟ್ಟದ್ದು ಕ್ರಿ.ಪೂ. 326ರ ಝೇಲಮ್ ನದಿ. ಈ ದಡದಲ್ಲಿ ಅಲೆಕ್ಸಾಂಡರ್, ಆ ದಡದಲ್ಲಿ ಪುರು ಅರಸ. ಮಳೆನೀರೂ ಕರಗಿದ ಹಿಮವೂ ಸೇರಿ ಹೊಳೆ ತುಂಬಿ ಹರಿಯುತ್ತಿತ್ತು. ಅದಕ್ಕಿಂತ ದೊಡ್ಡ ಅಡ್ಡಿ ಎದುರಿಗಿದ್ದ ಆನೆಗಳು. ಅವನ್ನು ಕಂಡು, ಅವುಗಳ ಘೀಳು ಕೇಳಿ ಕುದುರೆಗಳು ಬೆದರಿದರೆ ನಡುಹೊಳೆಯಲ್ಲೇ ತೆಪ್ಪದಿಂದ ನೀರಿಗೆ ಹಾರಿಬಿಡುತ್ತಿದ್ದವು.

ಮೊದಮೊದಲು ಅಲೆಕ್ಸಾಂಡರ್ ಏನನ್ನೂ ಬಚ್ಚಿಡಲಿಲ್ಲ. ಸುತ್ತಲ ಸೀಮೆಯಿಂದ ಧಾನ್ಯ ತರಿಸಿದ, ನೀರು ಇಳಿಯುವವರೆಗೂ ಇಲ್ಲೇ ಇರುವೆನೆಂದು ಸಾರಿದ. ಅದರ ಜೊತೆಗೇ ದೋಣಿಗಳು ಮೇಲೆ ಕೆಳಗೆ ಓಡಾಡಿದವು. ತೇಲುವುದಕ್ಕೆಂದು ತೊಗಲಿನ ಚೀಲಗಳಿಗೆ ಒಣಹುಲ್ಲು ತುಂಬುವುದೂ ಆಚೆ ದಡಕ್ಕೆ ಕಾಣುತ್ತಿತ್ತು. ರಾತ್ರಿಯಾದರೆ ಕುದುರೆಸವಾರರು ರಣಘೋಷ ಹಾಕುತ್ತ ದಂಡೆಯುದ್ದಕ್ಕೂ ಸಾಗುವರು. ಪುರು ಆನೆಗಳನ್ನೆಬ್ಬಿಸಿಕೊಂಡು ಆ ಗದ್ದಲಕ್ಕೆ ಸಮನಾಗಿ ಆಚೆ ದಡದಲ್ಲಿ ನಡೆಯುವನು. ಯಾರೂ ಹೊಳೆಗೆ ಇಳಿಯರು. ಮರುರಾತ್ರಿ ಮತ್ತೆ ಅದೇ ಗದ್ದಲ, ಅದೇ ನಡಿಗೆ.

ಕೊನೆಗೆ ಪುರು ಕಾವಲಿನವರನ್ನಷ್ಟೇ ದಂಡೆಯಲ್ಲಿಟ್ಟು ಬಿಡಾರದಲ್ಲೇ ಉಳಿದ. ಅವನನ್ನು ಪೆದ್ದನೆನ್ನಲು ನನಗೆ ಮನಸ್ಸಿಲ್ಲ. ರಾತ್ರಿಯಿಡೀ ನಡೆಸಿದ ಆನೆ ಹಗಲು ಯುದ್ಧಕ್ಕೆ ಒದಗಬೇಕಲ್ಲ! ಈ ಹೂಟದ ರುಚಿಯಿರುವುದೇ ಇಲ್ಲಿ. ಕುದುರೆ ನಿಜ, ಕೂಗು ನಿಜ, ಧಾನ್ಯದ ರಾಶಿ ನಿಜ. ಕಣ್ಣು ಕಿವಿ ಚೆನ್ನಾಗಿದ್ದುದರಿಂದಲೇ ಪುರು ಮೋಸಹೋದ.

ಅಲೆಕ್ಸಾಂಡರ್ ಕಡೆಗೆ ದಾಟಿದ ಜಾಗ ಅವನ ಬಿಡಾರದಿಂದ ಸುಮಾರು 27 ಕಿಲೋಮೀಟರ್ ದೂರ. ಹೊಳೆ ತಿರುಗುವಲ್ಲಿ ಮರಗಳು ಕವಿದ ದಿಬ್ಬ, ಎದುರಿಗೆ ಜನವಿಲ್ಲದ, ಕಾಡು ಬೆಳೆದ ನಡುಗಡ್ಡೆ. ದೋಣಿಗಳೆಲ್ಲ ಸಿಂಧೂ ನದಿಯಿಂದ ಬಂದವು. ಚಿಕ್ಕವನ್ನು ಎರಡು ತುಂಡು, ಮೂವತ್ತು ಹುಟ್ಟಿನವನ್ನು ಮೂರು ತುಂಡು ಮಾಡಿ ಗಾಡಿಗಳಲ್ಲಿ ಹೇರಿ ತಂದು, ಮತ್ತೆ ಜೋಡಿಸಿದ್ದರು. ಹಳೆಯ ಬಿಡಾರದಲ್ಲಿ ಸೇನಾನಿ ಕ್ರೇಟರಸ್ ಉಳಿದ. ಆನೆಗಳು ಅಲ್ಲಿಂದ ಕದಲುವವರೆಗೆ ಹೊಳೆಗೆ ಇಳಿಯಬೇಡವೆಂದು ಅವನಿಗೆ ಅಪ್ಪಣೆಯಾಗಿತ್ತು. ದಾಟಿದ ರಾತ್ರಿ ಗುಡುಗಿನ ಸಮೇತ ಜಡಿಮಳೆ. ಆಯುಧಗಳ ಸದ್ದು, ಅಪ್ಪಣೆಯ ಕೂಗು ಎಲ್ಲ ಅದರಲ್ಲೇ ಅಡಗಿದವು.

ಇಷ್ಟೆಲ್ಲ ಜತನದ ಮೇಲೆ ಅವರು ಹತ್ತಿದ್ದು ಎದುರು ದಡವನ್ನಲ್ಲ, ಇನ್ನೊಂದು ನಡುಗಡ್ಡೆಯನ್ನು! ಹಿಂದೆ ಸರಿಯುವಂತಿಲ್ಲ, ಕಾವಲಿನವರು ಆಗಲೇ ಕಂಡು ಪುರುವಿನತ್ತ ಕುದುರೆ ಓಡಿಸಿದ್ದರು. ಮಳೆಗೆ ಉಬ್ಬಿದ ಕವಲನ್ನು ಕಾಲಾಳುಗಳು ಎದೆಮಟ್ಟದ ನೀರಿನಲ್ಲಿ ದಾಟಿದರು. ಕುದುರೆಗಳ ತಲೆಗಳಷ್ಟೇ ನೀರಿನ ಮೇಲೆ ಕಾಣುತ್ತಿದ್ದವು. ಹೂಟ ಎಷ್ಟೇ ನಯವಾಗಿರಲಿ, ಕಡೆಯ ಮಾರುದ್ದವನ್ನು ಸೈನಿಕರ ಎದೆಗಾರಿಕೆಯೇ ದಾಟಿಸಿತು. ಪುರುವಿನ ಮಗ ರಥಗಳೊಂದಿಗೆ ಬರುವಷ್ಟರಲ್ಲಿ ದಂಡು ಮೇಲೇರಿತ್ತು. ರಥಗಳು ಕೆಸರಿನಲ್ಲಿ ಹೂತವು, ರಾಜಕುಮಾರ ಅಲ್ಲೇ ಮಡಿದ.

ಮುಂದಿನ ಯುದ್ಧ ನಮಗೆ ಶಾಲೆಯಿಂದಲೇ ಗೊತ್ತು. ಅದಕ್ಕೂ ಹಿಂದಿನ ಈ ರಾತ್ರಿಗಳನ್ನು ಹಳೆಯ ಇತಿಹಾಸಕಾರ ಏರಿಯನ್ ತಾನು ಬರೆದ ಅಲೆಕ್ಸಾಂಡರನ ಇತಿಹಾಸದ ಐದನೆಯ ಭಾಗದಲ್ಲಿ ಬಿಡಿಸಿ ಬರೆದಿದ್ದಾನೆ. ಸಿಕ್ಕರೆ ಬಿಡಬೇಡಿ, ನಿಧಾನವಾಗಿ ಓದಿ.