ಹದಿಮೂರು ಜೀವ, ನಾಲ್ಕು ಪಟ್ಟಿ

ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಸಿಕ್ಕಿಬಿದ್ದ ಹುಡುಗರ ಮೇಲೆ ಬಂದ ಸಿನಿಮಾಗಳ ಬಗ್ಗೆ ಬರೆದವರೆಲ್ಲ ಧೈರ್ಯದ ಬಗ್ಗೆ ಬರೆದಿದ್ದಾರೆ. ಧೈರ್ಯ ಇತ್ತು, ಇಲ್ಲ ಅನ್ನೋದಿಲ್ಲ. ಆದ್ರೆ ನಾನು ಪಟ್ಟಿಯ ಬಗ್ಗೆ ಬರೀತೀನಿ. ಹೆಗಲ ಮೇಲಿನ ಪಟ್ಟಿ, ಸೊಂಟದ ಪಟ್ಟಿ, ಮುಖವಾಡದ ಪಟ್ಟಿ, ಸಿಲಿಂಡರ್ ಕಟ್ಟಿದ ಪಟ್ಟಿ. ಆ ಹದಿಮೂರು ಮಂದಿ ಹೊರಗೆ ಬಂದದ್ದು ಬಹುಪಾಲು ಇವುಗಳಿಂದ ಅಂತ ನನ್ನ ಅಂಬೋಣ.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. 2018ರ ಜೂನ್ 23ರಂದು ಹನ್ನೆರಡು ಹುಡುಗರು ತಮ್ಮ ಫುಟ್‌ಬಾಲ್ ಕೋಚ್ ಜೊತೆ ಗುಹೆಯೊಳಗೆ ಹೋದರು, ಮಳೆ ಬಂತು, ದಾರಿ ಮುಳುಗಿತು. ಜುಲೈ 2ಕ್ಕೆ ರಿಕ್ ಸ್ಟಾಂಟನ್, ಜಾನ್ ವೊಲಾಂಥೆನ್ ಎಂಬ ಇಬ್ಬರು ಬ್ರಿಟಿಷ್ ಡೈವರ್‌ಗಳಿಗೆ ಅವರು ಸಿಕ್ಕರು. ಜುಲೈ 8ರಿಂದ 10ರವರೆಗೆ ಮೂರು ದಿನದಲ್ಲಿ ಎಲ್ಲರನ್ನೂ ಹೊರತಂದರು. ನಡುವೆ ಸಮನ್ ಕುನಾನ್ ಎಂಬ ಥಾಯ್ ಡೈವರ್ ಸತ್ತ. ಇದರ ಮೇಲೆ 2021ರಲ್ಲಿ 'ದಿ ರೆಸ್ಕ್ಯೂ' ಎಂಬ ಸಾಕ್ಷ್ಯಚಿತ್ರ ಬಂತು, 2022ರಲ್ಲಿ ರಾನ್ ಹೊವರ್ಡ್ ನಿರ್ದೇಶನದ 'ಥರ್ಟೀನ್ ಲೈವ್ಸ್' ಬಂತು. ಎರಡನ್ನೂ ನಾನು ಕಲಬುರಗಿಯ ಸೇಡಂ ರಸ್ತೆಯ ಬಾಡಿಗೆ ಮನೆಯಲ್ಲಿ, ಕಮಲಾಪುರದಿಂದ ಕಣ್ಣು ತೋರಿಸಲು ಬಂದಿದ್ದ ನಮ್ಮ ಕಾಕಾನ ಜೊತೆ ನೋಡಿದೆ. ಕಾಕಾಗೆ ಇಂಗ್ಲಿಷ್ ಬರೋದಿಲ್ಲ. ಹಾಗಾಗಿ ಅವನು ಮಾತು ಕೇಳಲಿಲ್ಲ, ಕೈ ನೋಡಿದ. ಸಿನಿಮಾ ವಿಮರ್ಶೆ ಬರೆಯುವವರು ಒಮ್ಮೆ ಹಾಗೆ ನೋಡಬೇಕು.

ಮೊದಲು ಆ ಡೈವರ್‌ಗಳ ಮೈಮೇಲಿನ ಸಾಮಾನು. ಮುರ್ಡೇಶ್ವರದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿ ಫೋಟೊ ಹಾಕಿದವರ ಬೆನ್ನ ಮೇಲೆ ಒಂದು ಸಿಲಿಂಡರ್ ಇರುತ್ತದೆ, ಸ್ಕೂಲ್ ಬ್ಯಾಗ್ ಹಾಗೆ. ಗುಹೆಯೊಳಗೆ ಅದು ನಡೆಯೋದಿಲ್ಲ. ಮೇಲೆ ಬಂಡೆ, ಕೆಳಗೆ ಕೆಸರು, ನಡುವೆ ಒಂದೂವರೆ ಅಡಿ ಸಂದಿ. ಅಲ್ಲಿ ಸಿಲಿಂಡರನ್ನು ಎರಡೂ ಬಗಲಲ್ಲಿ, ಮೈಯುದ್ದಕ್ಕೆ ಕಟ್ಟುತ್ತಾರೆ. ಇದಕ್ಕೆ ಸೈಡ್‌ಮೌಂಟ್ ಅಂತಾರೆ. ಬೆನ್ನು ಖಾಲಿ. ಸಂದಿ ಇನ್ನೂ ಸಣ್ಣದಾದರೆ ಒಂದನ್ನು ಬಿಚ್ಚಿ ಮುಂದೆ ತಳ್ಳಬಹುದು. ವಾಲ್ವ್ ಕಣ್ಣೆದುರೇ ಇರೋದರಿಂದ ಗಾಳಿ ಸೋರಿದರೆ ಕೈ ಹಾಕಿ ಮುಚ್ಚಬಹುದು. ಎರಡೂ ಸಿಲಿಂಡರ್ ಬೇರೆ ಬೇರೆ, ಒಂದು ಕೆಟ್ಟರೆ ಇನ್ನೊಂದು. ಇದು ಯಾವುದೋ ಕಂಪನಿಯ ಲ್ಯಾಬಿನಲ್ಲಿ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಬ್ರಿಟನ್ನಿನ ಗುಹೆ ಹೊಗುವ ಹವ್ಯಾಸಿಗಳು ಸೊಂಟದ ಬೆಲ್ಟಿಗೆ ಸಿಲಿಂಡರ್ ನೇತುಹಾಕಿಕೊಂಡು ಶುರು ಮಾಡಿದ್ದು. ಆಮೇಲೆ ಅಮೆರಿಕದ ಫ್ಲೋರಿಡಾದವರು ಅದನ್ನು ಮೇಲೆತ್ತಿ ಕಂಕುಳಿಗೆ ತಂದರು, ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿದರು. ಸೈಕಲ್ ಟ್ಯೂಬು! ನಮ್ಮೂರಲ್ಲಿ ಅದು ಮಾಡದ ಕೆಲಸ ಯಾವುದಿತ್ತು?

ಪಟ್ಟಿ ಹೊಂದಿಸೋದು ಹೇಗೆ ಅಂತ ಬರೀ ಓದಿ ಹೇಳ್ತಿಲ್ಲ. ಬೆಂಗಳೂರಿನ ಒಂದು ಈಜುಕೊಳದಲ್ಲಿ ಎರಡು ದಿನ ಕಲಿತು ಬಂದು, ಒಂದು ಹಾರ್ನೆಸ್ ಕೊಂಡು ಕಲಬುರಗಿಗೆ ತಂದಿದ್ದೆ. ಡಬ್ಬದಿಂದ ತೆಗೆದಾಗ ಅದು ಯಾರ ಮೈಗೂ ಹೊಂದೋದಿಲ್ಲ. ಎರಡಿಂಚು ಅಗಲದ ನೈಲಾನ್ ಪಟ್ಟಿ, ಕಬ್ಬಿಣದ ಬಕಲ್ಲು, ಡಿ ಆಕಾರದ ಉಂಗುರ, ದಪ್ಪ ರಬ್ಬರ್ ಹಗ್ಗ. ಸಾಫ್ಟ್‌ವೇರ್‌ನಲ್ಲಿ ನಾವು ಡಿಫಾಲ್ಟ್ ಸೆಟ್ಟಿಂಗ್ ಇಟ್ಟು ನೂರಕ್ಕೆ ತೊಂಬತ್ತು ಮಂದಿಗೆ ನಡೀತದೆ ಅಂತ ಕೈ ತೊಳಕೋತೀವಿ. ಮನುಷ್ಯನ ಬೆನ್ನಿಗೆ ಡಿಫಾಲ್ಟ್ ಇಲ್ಲ.

ಹೆಗಲ ಪಟ್ಟಿಯ ಕೆಳಗೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಸೊಂಟಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಕಾಲ ಸಂದಿಯಿಂದ ಹಿಂದಕ್ಕೆ ಹೋಗುವ ಇನ್ನೊಂದು ಪಟ್ಟಿ ಅದೆ. ಅದಕ್ಕೆ ಕನ್ನಡದಲ್ಲಿ ಕಚ್ಚೆಪಟ್ಟಿ ಅನ್ನೋದಕ್ಕಿಂತ ಒಳ್ಳೆ ಹೆಸರಿಲ್ಲ. ಅದು ಸಡಿಲ ಇದ್ದರೆ ಸಿಲಿಂಡರ್ ಎಳೆತಕ್ಕೆ ಇಡೀ ಹಾರ್ನೆಸ್ಸು ಕುತ್ತಿಗೆಯ ಕಡೆ ಸರೀತದೆ. ರಬ್ಬರ್ ಹಗ್ಗ ಬೆನ್ನಿನ ಮೇಲ್ಭಾಗದಿಂದ ಕಂಕುಳಡಿ ಬಂದು ವಾಲ್ವಿನ ಕುತ್ತಿಗೆಯನ್ನು ಸುತ್ತಬೇಕು. ಉದ್ದ ಹೆಚ್ಚಾದರೆ ಸಿಲಿಂಡರಿನ ತಲೆ ಎದೆಯ ಕೆಳಗೆ ಜೋತಾಡ್ತದೆ. ಕಡಿಮೆಯಾದರೆ ವಾಲ್ವು ಕಂಕುಳಿಗೆ ತಿವೀತದೆ, ಕೈ ಆಡೋದಿಲ್ಲ. ಕೆಳತುದಿಯ ಕೊಕ್ಕೆ ಸೊಂಟದ ಉಂಗುರಕ್ಕೆ. ಇಲ್ಲಿ ಒಂದು ತಮಾಷೆ: ಅಲ್ಯುಮಿನಿಯಂ ಸಿಲಿಂಡರ್ ತುಂಬಿದಾಗ ಮುಳುಗ್ತದೆ, ಗಾಳಿ ಖಾಲಿಯಾಗ್ತಾ ಬಂದಂತೆ ಅದರ ಬಾಲ ಮೇಲೇಳ್ತದೆ. ಅದಕ್ಕೇ ನಡುನೀರಿನಲ್ಲಿ ಕೊಕ್ಕೆಯನ್ನು ಹಿಂದಿನ ಉಂಗುರದಿಂದ ಮುಂದಿನ ಉಂಗುರಕ್ಕೆ ಬದಲಿಸಬೇಕು. ಉಕ್ಕಿನ ಸಿಲಿಂಡರಿಗೆ ಈ ಕಾಟ ಇಲ್ಲ. ಅಂದ್ರೆ ಹೊಂದಿಸೋ ಕೆಲಸ ನೀರಿಗಿಳಿದ ಮೇಲೂ ಮುಗಿಯೋದಿಲ್ಲ.

ಕಲಬುರಗಿಯಲ್ಲಿ ಸಿಲಿಂಡರ್ ಎಲ್ಲಿ ಬರಬೇಕು. ಒಣ ನೆಲದ ಮೇಲೆ ಹಾಕಿ ನೋಡ್ತಿದ್ದೆ. ಕನ್ನಡಿ ಮುಂದೆ ನಿಂತಿದ್ದವನನ್ನು ಕಾಕಾ ನೋಡಿದ.

"ನಿಂತು ಏನ್ ನೋಡ್ತಿ? ಬಗ್ಗಿ ನೋಡು. ಎತ್ತಿಗಿ ಜತ್ತಿಗಿ ನಿಂತಾಗೇ ಕಟ್ಟತೀವಿ, ಖರೇ. ಹದ ಆಗ್ಯದೋ ಇಲ್ಲೋ ಗೊತ್ತಾಗೋದು ಅದು ಎಳೀಲಾಕ ಹತ್ತಿದಾಗ."

ಸೈಡ್‌ಮೌಂಟ್ ಕಲಿಸುವವರು ಹೇಳೋದೂ ಇದನ್ನೇ. ನೀರಿನಲ್ಲಿ ನೀನು ಅಡ್ಡ ಇರ್ತೀ, ಆದ್ದರಿಂದ ಅಡ್ಡ ಬಗ್ಗಿ ಅಳತೆ ನೋಡು, ನೀರಿಗೆ ಹಾಕುವ ಬಟ್ಟೆಯನ್ನೇ ಹಾಕ್ಕೊಂಡು ನೋಡು. ಕಾಕಾ ನನಗೆ ಈಸು ಕಲಿಸಿದ್ದು ಕಮಲಾಪುರದ ಬಾಳಿ ತೋಟದ ಬಾವಿಯಲ್ಲಿ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು ನಮ್ಮದು, ತೋಟ ಅಂದಮೇಲೆ ಬಾವಿ ಇದ್ದೇ ಇರ್ತಿತ್ತು. ಬೆನ್ನಿಗೆ ಖಾಲಿ ಎಣ್ಣಿ ಕ್ಯಾನು, ಕಂಕುಳಡಿ ಎರಡು ಸುತ್ತು ಹಗ್ಗ. ಕ್ಯಾನು ಎರಡು ರೆಕ್ಕೆಲುಬಿನ ನಡುವೆ ಕೂತರೆ ತಲೆ ಮೇಲಿರ್ತದೆ. ಹಗ್ಗ ಸಡಿಲಾಗಿ ಸೊಂಟಕ್ಕೆ ಜಾರಿದರೆ ಕುಂಡಿ ಮೇಲೆ, ತಲೆ ನೀರಾಗ. ತೇಲಿಸುವ ವಸ್ತುವೇ ಮುಳುಗಿಸ್ತದೆ. ಹಾಗಾಗಿ ಕಾಕಾ ಪ್ರತಿ ಹುಡುಗನಿಗೂ ಬೇರೆ ಗಂಟು ಹಾಕ್ತಿದ್ದ. ಹೊಟ್ಟೆ ಇದ್ದವನಿಗೆ ಒಂದು, ನನ್ನಂಥ ಕಡ್ಡಿಗೆ ಒಂದು. ಕಟ್ಟಿ, ಬಗ್ಗಿಸಿ, ಒಂದು ಸಲ ಜಗ್ಗಿ ನೋಡಿ ಆಮೇಲೇ ಬಾವಿಗೆ ನೂಕೋದು.

ಈ ಕಣ್ಣಿನಿಂದ ನೋಡಿದರೆ 'ಥರ್ಟೀನ್ ಲೈವ್ಸ್' ಅರ್ಧ ಗೆದ್ದ ಸಿನಿಮಾ. ಗೆದ್ದ ಅರ್ಧ ದೊಡ್ಡದೇ ಅದೆ. ವಿಗ್ಗೊ ಮಾರ್ಟೆನ್ಸನ್, ಕಾಲಿನ್ ಫಾರೆಲ್ ತಾವೇ ನೀರಿಗಿಳಿದು ಬಹಳಷ್ಟು ಡೈವಿಂಗ್ ಮಾಡಿದ್ದಾರೆ, ಅದು ಪರದೆ ಮೇಲೆ ಕಾಣ್ತದೆ. ಮೈಯ ಇಕ್ಕಟ್ಟನ್ನು ನಟಿಸಲಾಗೋದಿಲ್ಲ. ಸಿಲಿಂಡರ್ ಬಂಡೆಗೆ ತಾಕುವ ಲೋಹದ ಸದ್ದು, ಉಸಿರು, ಕೆಸರು. ಹೀರೊಗೆ ಹಿನ್ನೆಲೆ ಸಂಗೀತದ ಅಬ್ಬರ ಇಲ್ಲ. ಗುಹೆಯ ನಕಾಶೆಯನ್ನು ಪರದೆಯ ಮೇಲೆ ತೋರಿಸಿ ಇನ್ನೆಷ್ಟು ದೂರ ಅಂತ ಲೆಕ್ಕ ಇಡ್ತಾರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೆಟ್ಟದ ಮೇಲಿನ ಭಾಗ. ಗುಹೆಗಿಳಿಯುವ ಮಳೆನೀರನ್ನು ಬೇರೆ ಕಡೆ ತಿರುಗಿಸಿದಾಗ ಆ ನೀರು ರೈತರ ಭತ್ತದ ಗದ್ದೆಗೆ ಹೋಗ್ತದೆ, ಬೆಳೆ ಹೋಗ್ತದೆ, ಅವರು ಹೂಂ ಅಂತಾರೆ. ಹಾಲಿವುಡ್ಡಿನವರಿಗೆ ಗದ್ದೆ ಕಂಡದ್ದೇ ದೊಡ್ಡದು. (ಗುಹೆಯ ನೀರೆತ್ತುವ ಕೆಲಸಕ್ಕೆ ನಮ್ಮ ಕಿರ್ಲೋಸ್ಕರ್ ಕಂಪನಿಯ ತಜ್ಞರೂ ಹೋಗಿದ್ದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಾಗಿ ಶುರುವಾದ ಕಂಪನಿ. ಇದನ್ನು ಹೇಳಿದಾಗ ಕಾಕಾನ ಮುಖ ನೋಡಬೇಕಿತ್ತು, ನಮ್ಮ ಬಾವಿಯ ಮೋಟರೂ ಅದೇ.)

ಸೋತ ಅರ್ಧ ಹುಡುಗರನ್ನು ಸಿದ್ಧ ಮಾಡುವ ಜಾಗದಲ್ಲಿ. ರಕ್ಷಣೆಯ ಉಪಾಯ ಇಷ್ಟೇ: ಹುಡುಗರಿಗೆ ಡೈವಿಂಗ್ ಬರೋದಿಲ್ಲ, ಎಚ್ಚರ ಇದ್ದರೆ ಗಾಬರಿಯಾಗಿ ಒದ್ದಾಡ್ತಾರೆ, ತಾವೂ ಸಾಯ್ತಾರೆ, ಒಯ್ಯುವವನನ್ನೂ ಸಾಯಿಸ್ತಾರೆ. ಅದಕ್ಕೆ ಆಸ್ಟ್ರೇಲಿಯಾದ ಅರಿವಳಿಕೆ ಡಾಕ್ಟರ್ ರಿಚರ್ಡ್ ಹ್ಯಾರಿಸ್ ಕೆಟಮಿನ್ ಕೊಟ್ಟು ಪ್ರಜ್ಞೆ ತಪ್ಪಿಸಿದ. ಇಡೀ ಮುಖ ಮುಚ್ಚುವ ಮುಖವಾಡ, ಎದೆಯ ಮುಂದೆ ಸಿಲಿಂಡರ್, ಹಿಂದಕ್ಕೆ ಕಟ್ಟಿದ ಕೈ, ಬೆನ್ನ ಮೇಲೆ ಹಿಡಿಕೆ. ಹುಡುಗ ಈಗ ಒಂದು ಗಂಟು. ಆ ಗಂಟನ್ನು ಗಂಟೆಗಟ್ಟಲೆ ಒಯ್ಯಬೇಕು. ಪ್ರಜ್ಞೆ ಇಲ್ಲದವನು 'ಪಟ್ಟಿ ಬಿಗಿಯಾಯ್ತು, ನೀರು ಬರ್ತಿದೆ' ಅಂತ ಹೇಳಲಾರ. ಅಂದಮೇಲೆ ಕಟ್ಟುವವನ ಕೈಯೇ ಎಲ್ಲ. ಮುಖವಾಡದ ಅಂಚಿನಲ್ಲಿ ಒಂದು ಸುಕ್ಕು ಉಳಿದರೆ ಮುಗೀತು.

ಸಿನಿಮಾ ಈ ನೈತಿಕ ಸಂಕಟವನ್ನು ಚೆನ್ನಾಗಿ ಹಿಡಿದಿದೆ. ಹ್ಯಾರಿಸ್ ಆಗಿ ಜೋಯಲ್ ಎಜರ್ಟನ್ ಮುಖದಲ್ಲಿ ಅದನ್ನು ಓದಬಹುದು. ಆದ್ರೆ ಕಟ್ಟುವ ಕೆಲಸ ಶುರುವಾದ ಕೂಡಲೇ ಕ್ಯಾಮೆರಾಕ್ಕೆ ಅವಸರ, ಅದು ಕೈಬಿಟ್ಟು ಮುಖಕ್ಕೆ ಓಡ್ತದೆ. ಎರಡೂವರೆ ಗಂಟೆಯ ಸಿನಿಮಾ. ಅದರಲ್ಲಿ ಒಬ್ಬ ಹುಡುಗನಿಗೆ ಮೊದಲಿಂದ ಕೊನೆಯವರೆಗೆ ಪಟ್ಟಿ ಕಟ್ಟುವುದನ್ನು ಕತ್ತರಿಸದೆ ತೋರಿಸಿದ್ದರೆ, ಮುಂದಿನ ಪ್ರತಿ ಇಕ್ಕಟ್ಟಿನಲ್ಲೂ ನಮಗೆ ಆ ಗಂಟಿನ ನೆನಪಾಗಿ ಎದೆ ಹೊಡಕೋತಿತ್ತು. ಕಾಕಾ ಎರಡು ಸಲ ಕೇಳಿದ, "ಜಗ್ಗಿ ನೋಡಿದ್ನೇನು? ನನಗ ಕಾಣ್ಲಿಲ್ಲ."

'ದಿ ರೆಸ್ಕ್ಯೂ' ಈ ವಿಷಯದಲ್ಲಿ ಮೇಲು. ಅದರಲ್ಲಿ ನಿಜವಾದ ಡೈವರ್‌ಗಳೇ ತಾವು ಮಾಡಿದ್ದನ್ನು ಬ್ರಿಟನ್ನಿನ ಸ್ಟುಡಿಯೋ ನೀರಿನ ತೊಟ್ಟಿಯಲ್ಲಿ ಮತ್ತೆ ಮಾಡಿ ತೋರಿಸಿದ್ದಾರೆ. ನಟನಿಗೆ ಗೊತ್ತಿರದ ಸಣ್ಣ ಚಲನೆಗಳು ಅವರ ಬೆರಳಿಗೆ ಗೊತ್ತು. ಸ್ಟಾಂಟನ್ ನಿವೃತ್ತ ಅಗ್ನಿಶಾಮಕ ಸಿಬ್ಬಂದಿ, ವೊಲಾಂಥೆನ್ ನನ್ನ ಹಾಗೆ ಐಟಿಯವನು. ವಾರಾಂತ್ಯಕ್ಕೆ ಗುಹೆ ಹೊಕ್ಕು, ಬೇಕಾದ ಸಾಮಾನು ಕೈಯಾರೆ ಮಾಡಿಕೊಂಡವರು. ಅವರು ಮಾತಾಡುವಾಗ ಶೌರ್ಯದ ಮಾತು ಕಡಿಮೆ, ಯಾವುದು ಎಲ್ಲಿ ಕೂರಬೇಕು ಅನ್ನೋದು ಹೆಚ್ಚು. ಕೆಲವರಿಗೆ ಇದು ಒಣ ಅನಿಸಬಹುದು. ನನಗೆ ಇದೇ ರೋಚಕ.

ಇಷ್ಟು ಕೊರೆಯೋದಕ್ಕೆ ಕಾರಣ ಅದೆ. 2021ರ ಜನವರಿಯಲ್ಲಿ, ಥಾಯ್ಲೆಂಡಿನಲ್ಲಲ್ಲ, ಕಲಬುರಗಿ ನಗರದಲ್ಲೇ ಮ್ಯಾನ್‌ಹೋಲಿಗೆ ಇಳಿದ ಇಬ್ಬರು ಕಾರ್ಮಿಕರು ಸತ್ತರು. 2013ರ ಕಾಯ್ದೆಯ ಕೆಳಗೆ ಬಂದ ನಿಯಮಗಳಲ್ಲಿ ಚರಂಡಿಗೆ ಇಳಿಯುವವನಿಗೆ ಕೊಡಬೇಕಾದ ಸಾಮಾನಿನ ಉದ್ದ ಪಟ್ಟಿ ಅದೆ, ಹಾರ್ನೆಸ್ಸೂ ಉಸಿರಾಟದ ಉಪಕರಣವೂ ಅದರಲ್ಲಿವೆ. ಆ ಪಟ್ಟಿ ಕಾಗದದ್ದು. ಮೈಮೇಲೆ ಬರಬೇಕಾದರೆ ಒಬ್ಬ ಮನುಷ್ಯ ಇನ್ನೊಬ್ಬನ ಹೆಗಲು ಮುಟ್ಟಿ, ಅಳತೆ ನೋಡಿ, ಬಿಗಿದು, ಜಗ್ಗಿ ನೋಡಬೇಕು. ನಮ್ಮಲ್ಲಿ ಯಾರು ಯಾರ ಹೆಗಲು ಮುಟ್ಟುತ್ತಾರೆ, ಯಾರು ಮುಟ್ಟೋದಿಲ್ಲ ಅನ್ನೋದು ನಿಮಗೆ ನಾನು ಹೇಳಬೇಕಿಲ್ಲ. ಥಾಮ್ ಲುವಾಂಗ್‌ಗೆ ಲೋಕದ ಮೂಲೆಮೂಲೆಯಿಂದ ಮಂದಿ ಓಡಿಬಂದ ಕಥೆಗೆ ಕಣ್ಣೀರು ಹಾಕುವ ನಾವು ನಮ್ಮ ಓಣಿಯ ಮ್ಯಾನ್‌ಹೋಲಿನ ಸುದ್ದಿಯನ್ನು ಎಷ್ಟು ದಿನ ನೆನಪಿಟ್ಟೆವು? ಒಂದು ಒಳ್ಳೆ ಸಿನಿಮಾ ಕೈಯ ಕೆಲಸವನ್ನು ಸರಿಯಾಗಿ ತೋರಿಸಿದ್ದರೆ ನೋಡುವವನು ಇದನ್ನೂ ಕೇಳ್ತಿದ್ದ: ಇವನಿಗೆ ಕಟ್ಟಿದವರು ಯಾರು, ಅವನಿಗೆ ಯಾಕೆ ಯಾರೂ ಕಟ್ಟಲಿಲ್ಲ?

ಕೊನೆಯ ದಿನದ ಒಂದು ಸಂಗತಿ. ಗುಂಪಿನಲ್ಲಿ ಎಲ್ಲಕ್ಕಿಂತ ಸಣ್ಣ ಹುಡುಗನ ಮುಖಕ್ಕೆ ಆ ದಿನ ಉಳಿದಿದ್ದ ಮುಖವಾಡ ಸರಿಯಾಗಿ ಕೂರಲಿಲ್ಲ. ಎಲ್ಲ ಪಟ್ಟಿ ಎಳೆದರೂ ಗಲ್ಲದ ಹತ್ತಿರ ಸಂದಿ. ಅವನನ್ನು ಒಯ್ಯಬೇಕಾಗಿದ್ದ ಜೇಸನ್ ಮಾಲಿನ್ಸನ್ ಬೇರೊಂದು ಮುಖವಾಡ ಹಾಕಿ, ಹೇಗೋ ಹೊಂದಿಸಿ, ನೀರಿಗಿಳಿದ. ಮಳೆ ಹೆಚ್ಚುತ್ತಿತ್ತು, ಇನ್ನೊಂದು ದಿನ ಇರಲಿಲ್ಲ. ಇಡೀ ಕಾರ್ಯಾಚರಣೆಯ ಅತ್ಯಂತ ಕಠಿಣ ನಿರ್ಧಾರ ಒಂದು ಮಗುವಿನ ಗಲ್ಲದ ಅಳತೆಯ ಮೇಲೆ ನಿಂತಿತ್ತು. ನಾನು ನಿರ್ದೇಶಕನಾಗಿದ್ದರೆ ಇದಕ್ಕೆ ಹತ್ತು ನಿಮಿಷ ಕೊಡ್ತಿದ್ದೆ, ಪೂರ್ತಿ ಕೈಗಳ ಮೇಲೆ.

ಎರಡನ್ನೂ ನೋಡ್ರಿ. ಸಾಕ್ಷ್ಯಚಿತ್ರ ಮೊದಲು ನೋಡಿದರೆ ಒಳ್ಳೇದು. ಆಗ ಸಿನಿಮಾ ಬಿಟ್ಟದ್ದನ್ನು ನೀವೇ ತುಂಬಿಕೊಳ್ತೀರಿ.