1331 ಪಿನ್ನುಗಳ ಚೆಲುವು

ಪ್ರೊಸೆಸರ್ ಬದಲಿಸಿದ ಮೇಲೆ ಮನೆಯ ಕಂಪ್ಯೂಟರ್ ಒಮ್ಮೊಮ್ಮೆ ವಿಚಿತ್ರ ಸ್ಥಿತಿಗೆ ಬಂದು ನಿಲ್ಲುತ್ತದೆ. ಫ್ಯಾನು ತಿರುಗುತ್ತದೆ, ಪೆಟ್ಟಿಗೆಯ ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಮನೆಯವರಿಗೆ ಅದು ಕೆಟ್ಟ ಗಳಿಗೆ. ಕೊಟ್ಟ ದುಡ್ಡು ಹೋಯಿತೇನೋ, ಇದ್ದದ್ದೂ ಕೆಟ್ಟಿತೇನೋ ಎಂಬ ಅಂಜಿಕೆ. ನನಗಾದರೆ ಈ ಯಂತ್ರದ ಒಡನಾಟದಲ್ಲಿ ಅದಕ್ಕಿಂತ ರುಚಿಯಾದ ಹೊತ್ತು ಇನ್ನೊಂದಿಲ್ಲ. ಸರಿಯಾಗಿ ನಡೆಯುವಾಗ ಕಂಪ್ಯೂಟರ್ ತನ್ನ ಬಗ್ಗೆ ಏನನ್ನೂ ಹೇಳುವುದಿಲ್ಲ. ನಿಂತಾಗಲೇ ಯಾವುದು ಯಾವುದಕ್ಕಾಗಿ ಕಾಯುತ್ತದೆ, ಯಾವುದರ ಬೆನ್ನಿಗೆ ಯಾವುದು ಏಳುತ್ತದೆ ಎಂಬುದೆಲ್ಲ ಗೊತ್ತಾಗುವುದು. ಆ ಕ್ರಮವನ್ನು ಕಣ್ಣು, ಕಿವಿ, ಬೆರಳುಗಳಿಂದ ಓದುತ್ತ ಹೋಗುವ ಸುಖವನ್ನು ಹಂಚಿಕೊಳ್ಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವ ಕಂಪ್ಯೂಟರ್ ಇರುವ ಊರು ಸಂಖ. ಅದು ಮಹಾರಾಷ್ಟ್ರದ ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ, ಕರ್ನಾಟಕದ ವಿಜಯಪುರ ಜಿಲ್ಲೆಯ ಗಡಿಗೆ ಹತ್ತಿರ ಇದೆ. ಬೋರ ನದಿಗೆ ಕಟ್ಟಿದ ಒಡ್ಡು, ದಾಳಿಂಬೆ ದ್ರಾಕ್ಷಿಯ ತೋಟಗಳು, ಮನೆಯೊಳಗೆ ಕನ್ನಡ, ಕಾಗದಪತ್ರದಲ್ಲಿ ಮರಾಠಿ. ಇಲ್ಲಿಯ ಮನೆಯ ಕಂಪ್ಯೂಟರಿಗೆ ಕೆಲಸ ಬಹಳ. ಜಮೀನಿನ ಸಾತಬಾರಾ ಉತಾರ ತೆಗೆಯಬೇಕು, ದಾಳಿಂಬೆಯ ಲೆಕ್ಕ ಇಡಬೇಕು, ಮಕ್ಕಳ ಪಾಠ ತೋರಿಸಬೇಕು, ಲಗ್ನದ ಫೋಟೋ ಕಾಪಾಡಬೇಕು. ಹಾಗಾಗಿ ಅದು ನಿಧಾನವಾದರೆ ಹೊಸದು ಕೊಳ್ಳುವ ಮೊದಲು ಪ್ರೊಸೆಸರ್ ಒಂದನ್ನೇ ಬದಲಿಸುವ ವಿಚಾರ ಬರುವುದು ಸಹಜ. ಪ್ರೊಸೆಸರ್ ಕೂರಲು ಎಎಂಡಿ ಕಂಪನಿಯ ಎಎಂ4 ಸಾಕೆಟ್ ಇದ್ದವರಿಗಂತೂ ಅದು ನಿಜಕ್ಕೂ ಒಳ್ಳೆಯ ವಿಚಾರ. 2016ರಲ್ಲಿ ಬಂದ ಈ ಸಾಕೆಟ್ಟಿಗೆ ಮುಂದೆ ಎಷ್ಟೋ ವರ್ಷ ಹೊಸ ಪ್ರೊಸೆಸರುಗಳು ಬರುತ್ತಲೇ ಇದ್ದವು. ಒಂದು ಕೂಡುಸ್ಥಾನವನ್ನು ಇಷ್ಟು ಕಾಲ ನಿಷ್ಠೆಯಿಂದ ನಡೆಸಿಕೊಂಡು ಬಂದದ್ದು ಈ ಉದ್ಯಮದಲ್ಲಿ ಅಪರೂಪ.

ನಾನು ಮನಸಾರೆ ನೋಡಿದ ಜೋಡಿ ಎಂದರೆ ರೈಜನ್ 3 2200ಜಿ ಮತ್ತು ಅದರ ಜಾಗಕ್ಕೆ ಬಂದ ರೈಜನ್ 5 5600ಜಿ. ಮೊದಲನೆಯದು ಮಾರುಕಟ್ಟೆಗೆ ಬಂದದ್ದು 2018ರ ಫೆಬ್ರವರಿಯಲ್ಲಿ, ಎರಡನೆಯದು 2021ರ ಆಗಸ್ಟಿನಲ್ಲಿ. ಹಳೆಯದರ ಸಿಲಿಕಾನ್ ತುಣುಕು ಸುಮಾರು 210 ಚದರ ಮಿಲಿಮೀಟರ್, ಅದರೊಳಗೆ ಹತ್ತಿರ ಹತ್ತಿರ 500 ಕೋಟಿ ಟ್ರಾನ್ಸಿಸ್ಟರ್. ಹೊಸದರ ತುಣುಕು 180 ಚದರ ಮಿಲಿಮೀಟರಿಗೆ ಇಳಿದಿದೆ, ಟ್ರಾನ್ಸಿಸ್ಟರುಗಳು 1070 ಕೋಟಿಗೆ ಏರಿವೆ. ನಾಲ್ಕು ಕೋರ್ ಇದ್ದಲ್ಲಿ ಆರು ಬಂದಿವೆ. ಎರಡಕ್ಕೂ ಬರೆದಿರುವ ಶಾಖದ ಅಂಕಿ ಒಂದೇ, 65 ವ್ಯಾಟ್. ಅಂಗೈಯಲ್ಲಿ ಎರಡನ್ನೂ ಇಟ್ಟುಕೊಂಡರೆ ಮೇಲಿನ ಅಕ್ಷರ ಬಿಟ್ಟು ಬೇರೆ ವ್ಯತ್ಯಾಸ ಕಾಣುವುದಿಲ್ಲ. 40 ಮಿಲಿಮೀಟರಿನ ಚೌಕ, ಮೇಲೆ ಲೋಹದ ಮುಚ್ಚಳ, ಮಗುಚಿದರೆ ಕೆಳಗೆ ಚಿನ್ನದ ಲೇಪದ 1331 ಪಿನ್ನು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಸಾಲು ಸಾಲಾಗಿ ಮಿನುಗುತ್ತವೆ. ಒಂದು ಪಿನ್ನು ಬಾಗಿದ್ದರೂ ಸಾಲು ಕದಡಿದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ. ಅದಕ್ಕಾಗಿಯಾದರೂ ಹೀಗೆ ನೋಡಲೇಬೇಕು. ನೋಡಲು ಬೇರೆ ಕಾರಣ ಬೇಕೆಂದೂ ನನಗೆ ಅನ್ನಿಸುವುದಿಲ್ಲ. ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಇಂಥ ಚಿಪ್ಪುಗಳ ಮೇಲೆ ದುಡಿಯುವವರಲ್ಲಿ ನಮ್ಮ ಭಾಷೆಯವರೂ ಇದ್ದಾರೆ ಎಂಬ ನೆನಪು ಆ ನೋಟಕ್ಕೆ ಇನ್ನಷ್ಟು ಆಪ್ತತೆ ಕೊಡುತ್ತದೆ.

ಸಂಖದ ಗಾಳಿಗೆ ಒಂದು ಗುಣವಿದೆ, ಒಣ ಗಾಳಿ. ಜತ್ತ ಸೀಮೆಯ ಶೆಡ್ಡುಗಳಲ್ಲಿ ದ್ರಾಕ್ಷಿ ಚೆನ್ನಾಗಿ ಒಣಗಿ ಬೇದಾಣೆಯಾಗುವುದು ಆ ಗಾಳಿಯಿಂದಲೇ. ಮೈಮೇಲೆ ಸ್ಥಿರ ವಿದ್ಯುತ್ತು ಕೂಡುವುದೂ ಅದೇ ಗಾಳಿಯಿಂದ. ಬಟ್ಟೆ ಚಟಚಟ ಎನ್ನುವ ದಿನಗಳಲ್ಲಿ ಪ್ರೊಸೆಸರ್ ಮುಟ್ಟುವ ಮೊದಲು ಪೆಟ್ಟಿಗೆಯ ಬರಿ ಲೋಹವನ್ನು ಒಮ್ಮೆ ಮುಟ್ಟುವುದು ಇಲ್ಲಿ ಬಿಡಬಾರದ ಶಿಸ್ತು.

ಹಳೆಯದನ್ನು ತೆಗೆಯುವುದರಲ್ಲೂ ಒಂದು ನಯವಿದೆ. ಶಾಖ ದಾಟಿಸಲೆಂದು ಹಚ್ಚಿದ ಪೇಸ್ಟು ವರ್ಷಗಟ್ಟಲೆ ಕೂತು ಗಟ್ಟಿಯಾಗಿ ಹೀಟ್ ಸಿಂಕನ್ನೂ ಪ್ರೊಸೆಸರನ್ನೂ ಅಂಟಿಸಿಬಿಟ್ಟಿರುತ್ತದೆ. ನೇರವಾಗಿ ಎಳೆದರೆ ಸಾಕೆಟ್ಟಿನ ಸಲಾಕೆ ಮುಚ್ಚಿದ್ದರೂ ಪ್ರೊಸೆಸರ್ ಪಿನ್ನುಗಳ ಸಮೇತ ಕಿತ್ತು ಬರಬಹುದು. ಆದ್ದರಿಂದ ಮೊದಲು ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸಿ ಬಿಸಿ ಮಾಡಿ, ಆಮೇಲೆ ಕರೆಂಟು ತೆಗೆದು, ಹೀಟ್ ಸಿಂಕನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವಬೇಕು. ಅಂಟು ಬಿಟ್ಟದ್ದು ಬೆರಳಿಗೇ ತಿಳಿಯುತ್ತದೆ. ಕಂಪನಿಯ ಕೂಲರಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಮದರ್‌ಬೋರ್ಡಿನ ಹಿಂದಿನ ಲೋಹದ ಪಟ್ಟಿ ಜಾರಿ ಬೀಳುತ್ತದೆ. ಅಲ್ಲಿ ಇನ್ನೊಬ್ಬರ ಕೈ ಬೇಕೇ ಬೇಕು. "ಹಿಂದ ಸ್ವಲ್ಪ ಕೈ ಕೊಡ್ರಿ ಕಾಕಾ" ಎಂದರೆ, ಜೀವಮಾನದಲ್ಲಿ ಕಂಪ್ಯೂಟರ್ ಮುಟ್ಟದ ಹಿರಿಯರೂ ಅಂಗೈ ಒಡ್ಡಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಸಲಾಕೆ ಎತ್ತಿದ ಸಾಕೆಟ್ಟಿನಲ್ಲಿ ಹೊಸ ಪ್ರೊಸೆಸರನ್ನು ಇಡುವಾಗ ಮೂಲೆಯ ಚಿನ್ನದ ತ್ರಿಕೋನಕ್ಕೆ ಸಾಕೆಟ್ಟಿನ ತ್ರಿಕೋನ ಹೊಂದಬೇಕು. ಹೊಂದಿದರೆ ಒತ್ತುವ ಮಾತೇ ಇಲ್ಲ, ತನ್ನ ತೂಕಕ್ಕೆ ತಾನೇ ಇಳಿದು ಕೂರುತ್ತದೆ. 1331 ಪಿನ್ನುಗಳು 1331 ತೂತುಗಳಿಗೆ ಒಂದೇ ಸಲ, ಸದ್ದಿಲ್ಲದೆ ಇಳಿಯುವ ಆ ಕ್ಷಣಕ್ಕೆ ನಾನು ಸೋತಿದ್ದೇನೆ.

ಸಲಾಕೆ ಇಳಿಸಿ, ಹೀಟ್ ಸಿಂಕ್ ಬಿಗಿದು, ಗುಂಡಿ ಒತ್ತಿದ ಮೇಲೆ ಬರುತ್ತದೆ ಕಪ್ಪು ಪರದೆ. "ಲೈಟ್ ಐತಿ, ಫ್ಯಾನ್ ತಿರಗತೈತಿ, ಟಿ.ವಿ.ಯಾಗ ಏನೂ ಬರವಲ್ದು. ಯಾಕಪಾ ತಮ್ಮಾ?" ಎಂದು ಕಾಕಾ ಕೇಳಿದ ಪ್ರಶ್ನೆ ಎಷ್ಟು ನಿಖರವಾಗಿದೆ ನೋಡಿ. ಯಾವುದು ಇದೆ, ಯಾವುದು ಇಲ್ಲ ಎಂದು ಬೇರ್ಪಡಿಸಿ ಹೇಳಿದ್ದಾರೆ. ದೋಷ ಹುಡುಕುವುದಕ್ಕೆ ಬೇಕಾದದ್ದು ಇಷ್ಟೇ.

ಗುಂಡಿ ಒತ್ತಿದ ಮೇಲೆ ಒಳಗೆ ಏನು ನಡೆಯುತ್ತದೆ ಎಂಬುದು ನನಗೆ ಎಷ್ಟು ಸಲ ನೆನೆದರೂ ಹಳಸುವುದಿಲ್ಲ. ಪವರ್ ಸಪ್ಲೈ ತನ್ನ ವೋಲ್ಟೇಜುಗಳು ಸ್ಥಿರವಾದವು ಎಂದು ಖಾತ್ರಿ ಮಾಡಿಕೊಂಡು, 100ರಿಂದ 500 ಮಿಲಿಸೆಕೆಂಡಿನೊಳಗೆ ಒಂದು ಸಂಕೇತ ಕೊಡುತ್ತದೆ. ಅಲ್ಲಿಯವರೆಗೆ ಉಳಿದವರೆಲ್ಲ ಕಾಯಬೇಕು. ಸಂಕೇತ ಬಂದ ಮೇಲೂ ರೈಜನ್ನಿನ ದೊಡ್ಡ ಕೋರುಗಳು ಮೊದಲು ಏಳುವುದಿಲ್ಲ. ಅದೇ ಚಿಪ್ಪಿನೊಳಗೆ ಬೇರೆಯಾಗಿ ಇರುವ ಒಂದು ಚಿಕ್ಕ ಎಆರ್‌ಎಂ ಪ್ರೊಸೆಸರ್ ಎದ್ದು, ಯಂತ್ರವನ್ನು ಎಬ್ಬಿಸುವ ಸೂಚನೆಗಳಿರುವ ಬಯೋಸ್ ಚಿಪ್ಪಿನಿಂದ ತನ್ನ ಪಾಠ ಓದಿಕೊಂಡು, ರ‍್ಯಾಮನ್ನು ಹದಕ್ಕೆ ತರುತ್ತದೆ. ರ‍್ಯಾಮ್ ಸಿದ್ಧವಾದ ಮೇಲೆಯೇ ದೊಡ್ಡ ಕೋರುಗಳಿಗೆ ಕರೆ. ಹೊಸ ಪ್ರೊಸೆಸರ್ ಹಾಕಿದ ಮೊದಲ ಸಲ ಈ ಹದ ಮಾಡುವ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಯಂತ್ರ ಒಂದೆರಡು ಬಾರಿ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳಲೂಬಹುದು. ಗಾಬರಿಯಾಗಿ ಗುಂಡಿ ಒತ್ತಿ ಆರಿಸಿದರೆ ಆ ಕೆಲಸವನ್ನು ಅರ್ಧಕ್ಕೆ ಕೆಡಿಸಿದಂತೆ. ಮೊದಲ ಉಪಚಾರ, ಸುಮ್ಮನೆ ಕೆಲವು ನಿಮಿಷ ಕಾಯುವುದು.

ಕಾದರೂ ಬಾರದಿದ್ದರೆ ಬಹುಪಾಲು ಬೆರಳು ಬಯೋಸಿನ ಕಡೆಗೇ ತೋರಿಸುತ್ತದೆ. ಈ ಜೋಡಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ. 2018ರ ಬಿ450 ಬೋರ್ಡಿನ ಬಯೋಸ್ ಬರೆದವರಿಗೆ 2021ರ ಪ್ರೊಸೆಸರಿನ ಗುರುತು ತಿಳಿದಿರಲು ಹೇಗೆ ಸಾಧ್ಯ? ಪಿನ್ನು ಹೊಂದಿದವು, ಕರೆಂಟು ಹೊಂದಿತು, ಪರಿಚಯ ಮಾತ್ರ ಆಗಲಿಲ್ಲ. ಪರಿಚಯ ಬರೆದಿಡುವ ಜಾಗವೂ ಇಕ್ಕಟ್ಟಿನದು. ಅನೇಕ ಬೋರ್ಡುಗಳ ಬಯೋಸ್ ಚಿಪ್ಪು ಕೇವಲ 16 ಎಂಬಿ. ಇಷ್ಟು ವರ್ಷಗಳ ಪ್ರೊಸೆಸರುಗಳೆಲ್ಲ ಅದರಲ್ಲಿ ಹಿಡಿಸದೆ, ಕೆಲವು ಕಂಪನಿಗಳು ಹಳೆಯವುಗಳ ಗುರುತನ್ನು, ಬಯೋಸಿನ ಅಲಂಕಾರದ ಚಿತ್ರಗಳನ್ನು ತೆಗೆದು ಹೊಸವುಗಳಿಗೆ ಜಾಗ ಮಾಡಿಕೊಟ್ಟವು. ಕಪ್ಪು ಪರದೆಗೆ ಮದ್ದು ಏನೆಂದರೆ, ತೆಗೆದಿಟ್ಟ ಹಳೆಯ ಪ್ರೊಸೆಸರನ್ನೇ ಮತ್ತೆ ಕೂರಿಸಬೇಕು. ಅದು ಎದ್ದು ಪೆನ್‌ಡ್ರೈವಿನಿಂದ ಹೊಸ ಬಯೋಸನ್ನು ಬರೆಯುತ್ತದೆ. ತನ್ನ ಜಾಗಕ್ಕೆ ಬರುವವರ ಗುರುತನ್ನು ತಾನೇ ಬರೆದಿಟ್ಟು ಹಳೆಯದು ಹೊರಡುತ್ತದೆ. ಯಂತ್ರಗಳ ನಡುವೆ ಇಷ್ಟು ಸೌಜನ್ಯದ ಹಸ್ತಾಂತರ ಇರಬಲ್ಲದೆಂಬುದು ನನಗೆ ಇಂದಿಗೂ ಬೆರಗು.

ಬಯೋಸ್ ಬರೆಯುವಾಗ ಲೈಟ್ ಹೋಗಬಾರದು. ನಡುವೆ ಹೋದರೆ ಬೋರ್ಡು ಏಳದೇ ಹೋಗಬಹುದು. ಭಾರನಿಯಮನ, ಅಂದರೆ ಸರದಿಯ ವಿದ್ಯುತ್ ಕಡಿತ, ಕಂಡುಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೈಟ್ ಹೋಗುವ ಹೊತ್ತು ಗೊತ್ತಿರುತ್ತದೆ, ಇನ್ವರ್ಟರ್ ತುಂಬಿರುವ ಬೆಳಗನ್ನು ಆರಿಸಿಕೊಳ್ಳುತ್ತಾರೆ, ಯುಪಿಎಸ್ ಇದ್ದರೆ ಇನ್ನೂ ನೆಮ್ಮದಿ. ಬೋರ್ಡಿನ ಹೆಸರು, ಅದರ ಪಕ್ಕದಲ್ಲಿ ಸಣ್ಣದಾಗಿ ಮುದ್ರಿಸಿದ ಆವೃತ್ತಿಯ ಅಂಕಿ, ಎರಡೂ ಇಳಿಸಿಕೊಂಡ ಬಯೋಸ್ ಫೈಲಿಗೆ ತಾಳೆಯಾಗಬೇಕು. ಪರದೆಯ ಮೇಲೆ ಗೆರೆ ಮುಂದೆ ಸರಿಯುವಾಗ ಮನೆಯಲ್ಲಿ ಯಾರೂ ಮಿಕ್ಸರ್ ಹಚ್ಚುವುದಿಲ್ಲ.

ಬಯೋಸ್ ಸರಿಯಿದ್ದೂ ಪರದೆ ಕಪ್ಪೆಂದರೆ ರ‍್ಯಾಮ್ ನೋಡಬೇಕು. ಎರಡು ಕಡ್ಡಿ ಇದ್ದರೆ ಒಂದನ್ನು ತೆಗೆದು ನೋಡಬೇಕು, ಆಮೇಲೆ ಅದನ್ನು ಹಾಕಿ ಇನ್ನೊಂದನ್ನು ತೆಗೆದು ನೋಡಬೇಕು. ಚಿನ್ನದ ಅಂಚನ್ನು ಶಾಲೆಯ ರಬ್ಬರಿನಿಂದ ಉಜ್ಜಿ ಹಾಕುವ ನಮ್ಮ ರಿಪೇರಿಯವರ ರೂಢಿ ಧೂಳಿನ ಊರುಗಳಲ್ಲಿ ನಿಜವಾಗಿ ಫಲ ಕೊಡುತ್ತದೆ. ಪುಡಿಯನ್ನು ಮಾತ್ರ ಚೆನ್ನಾಗಿ ಊದಿ ತೆಗೆಯಬೇಕು. ಕೊಂಡ ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರವನ್ನೂ ಓದಬೇಕು. 5600ಜಿಯಲ್ಲಿ ಚಿತ್ರ ಮೂಡಿಸುವ ಭಾಗ ಒಳಗೇ ಇದೆ, ಬರಿ 5600ರಲ್ಲಿ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಗೆ ಬರಿ 5600 ತಂದರೆ ಒಳಗೆಲ್ಲ ಆರೋಗ್ಯವಾಗಿದ್ದೂ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಎಲ್ಲ ಕೂಡಿಬಂದಾಗ ಸ್ಪೀಕರ್ ಇರುವ ಬೋರ್ಡಿನಿಂದ ಒಂದೇ ಒಂದು ಕಿರು ಬೀಪ್ ಬರುತ್ತದೆ. ಬೆನ್ನಿಗೇ ಒಂದು ಪ್ರಶ್ನೆ ಕಾಣಿಸಬಹುದು: ಹೊಸ ಪ್ರೊಸೆಸರ್ ಬಂದಿದೆ, ಹಳೆಯ ಎಫ್‌ಟಿಪಿಎಂ ಭದ್ರತಾ ಕೀಲಿಗಳನ್ನು ಅಳಿಸಲೇ, ವೈ ಒತ್ತು ಅಥವಾ ಎನ್ ಒತ್ತು ಎಂದು. ವಿಂಡೋಸಿನ ಬಿಟ್‌ಲಾಕರ್ ಬೀಗ ಹಾಕಿದ ಡಿಸ್ಕ್ ಇದ್ದರೆ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಮೊದಲೇ ಬರೆದಿಟ್ಟುಕೊಂಡು ಆಮೇಲೆ ಉತ್ತರ ಕೊಡಬೇಕು. ಇನ್ನೊಂದು ಅಂಜಿಕೆ, ಡಿಸ್ಕೇ ಸಿಗುತ್ತಿಲ್ಲ ಎಂಬ ಸಂದೇಶ. ಫೋಟೋ, ಲೆಕ್ಕ ಎಲ್ಲ ಹೋದವೆಂದು ಮನೆ ಸ್ತಬ್ಧವಾಗುತ್ತದೆ. ಬಹಳ ಸಲ ಡಿಸ್ಕಿಗೆ ಏನೂ ಆಗಿರುವುದಿಲ್ಲ. ಹೊಸ ಬಯೋಸ್ ಮೂಲ ಸೆಟ್ಟಿಂಗಿಗೆ ಮರಳಿ, ಹಳೆಯ ಬಗೆಯಲ್ಲಿ ಬೂಟ್ ಆಗುವ ಸಿಎಸ್‌ಎಂ ಅನುಕೂಲ ಆರಿಹೋಗಿರುತ್ತದೆ. ಅದನ್ನು ಹಚ್ಚಿದರೆ ಎಲ್ಲವೂ ಇದ್ದಲ್ಲೇ ಇರುತ್ತದೆ.

ಕೊನೆಯ ರುಚಿ ಶಾಖದ್ದು. ಪ್ರೊಸೆಸರಿನ ಮುಚ್ಚಳವೂ ಹೀಟ್ ಸಿಂಕಿನ ತಳವೂ ಕಣ್ಣಿಗೆ ನುಣುಪು, ಸೂಕ್ಷ್ಮದಲ್ಲಿ ಏರುಪೇರು. ಆ ಸಂದುಗಳಲ್ಲಿ ಗಾಳಿ ಉಳಿದರೆ ಶಾಖ ಸರಾಗವಾಗಿ ದಾಟುವುದಿಲ್ಲ, ಗಾಳಿಗೆ ಶಾಖ ದಾಟಿಸುವ ಶಕ್ತಿ ಅಲ್ಯುಮಿನಿಯಮ್ಮಿಗಿಂತ ಸಾವಿರಾರು ಪಟ್ಟು ಕಡಿಮೆ. ಪೇಸ್ಟು ಇರುವುದು ಆ ಗಾಳಿಯನ್ನು ಹೊರಗೆ ತಳ್ಳಲಿಕ್ಕೆ. ತೊಗರಿಕಾಳಿನಷ್ಟು ಸಾಕು, ನಾಲ್ಕೂ ಸ್ಕ್ರೂಗಳನ್ನು ಕರ್ಣದ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿದರೆ ಅದು ತಾನೇ ಹರಡಿಕೊಳ್ಳುತ್ತದೆ. ಸಂಖದ ಏಪ್ರಿಲ್ಲಿನಲ್ಲಿ ಕೋಣೆಯೇ 38 ಡಿಗ್ರಿ ಇದ್ದಾಗ ಯಾವ ಫ್ಯಾನೂ ಪ್ರೊಸೆಸರನ್ನು 38ರ ಕೆಳಗೆ ತರಲಾರದು. ಸುಮ್ಮನಿದ್ದಾಗ 50ರ ಆಸುಪಾಸು ತೋರಿಸಿದರೆ ಕೆಲಸ ಚೆನ್ನಾಗಿ ಆಗಿದೆಯೆಂದು ನಾನು ತಿಳಿಯುತ್ತೇನೆ. ಬೇಗನೆ 95ಕ್ಕೆ ಏರಿ ಅಲ್ಲಿಯೇ ನಿಂತರೆ, ಅದು ಎಎಂಡಿ ಹಾಕಿದ ಮಿತಿ, ಒಂದು ಸ್ಕ್ರೂ ಸಡಿಲ ಇದೆ ಅಥವಾ ಹೀಟ್ ಸಿಂಕಿನ ಎಲೆಗಳ ನಡುವೆ ಧೂಳು ಕೂತಿದೆ.

ಎಲ್ಲ ಆದ ಮೇಲೆ ನಾನು ಎರಡು ಭಾಷೆಯಲ್ಲಿ ಒಂದೊಂದು ಸಾಲು ಬೆರಳಚ್ಚಿಸಿ ನೋಡುತ್ತೇನೆ. 1991ರ ಭಾರತೀಯ ಮಾನಕದಲ್ಲಿ ಸೇರಿದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದ ಕ ಇರುವ ಕೀಲಿಯಲ್ಲೇ ಮರಾಠಿಯ ಕ, ಕನ್ನಡದ ಪ ಇರುವಲ್ಲೇ ಮರಾಠಿಯ ಪ. ಗಡಿಯ ಮನೆಗೆ ಹೇಳಿ ಮಾಡಿಸಿದ ಏರ್ಪಾಟು ಅದು. ಬೆರಳು ಜಾಗ ಬದಲಿಸದೆ ಎರಡೂ ಲಿಪಿಗಳು ತಡವಿಲ್ಲದೆ ಮೂಡಿದರೆ ಕಂಪ್ಯೂಟರ್ ಮನೆಯ ಕೆಲಸಕ್ಕೆ ಮರಳಿತು.

ನಿಮ್ಮಲ್ಲೂ ಹಳೆಯ ಎಎಂ4 ಪೆಟ್ಟಿಗೆ ಇದ್ದರೆ ಅದನ್ನು ಎಸೆಯಬೇಡಿ. ಬಯೋಸನ್ನು ಮೊದಲು ಹೊಸದು ಮಾಡಿ, ಆಮೇಲೆ ಪ್ರೊಸೆಸರ್ ತೆಗೆಯಿರಿ, ತೆಗೆದದ್ದನ್ನು ಕೆಲವು ತಿಂಗಳಾದರೂ ಮಾರದೆ ಇಟ್ಟುಕೊಳ್ಳಿ. ಪೆಟ್ಟಿಗೆ ತೆರೆಯುವ ದಿನ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಆ ಪಿನ್ನುಗಳನ್ನು ಬೆಳಕಿಗೆ ಹಿಡಿದು ತೋರಿಸಿ.