ಮುಡಿಯಲ್ಲಿ ಮೂಡಿದ ಶಿಲ್ಪ

ಖಾಲಿ ಗೋಡೆಯ ಮುಂದೆ ಹೆಣ್ಣುಮಗಳೊಬ್ಬಳು ನೇರವಾಗಿ ನಮ್ಮನ್ನೇ ನೋಡುತ್ತಿದ್ದಾಳೆ. ಅವಳ ನೆತ್ತಿಯಿಂದ ಒಂದು ತೋಳು ಮೇಲೆದ್ದಿದೆ. ಮೊಣಕೈ ಮಡಚಿದೆ, ಮುಷ್ಟಿ ಬಿಗಿದಿದೆ, ರಟ್ಟೆ ಉಬ್ಬಿದೆ. ಇದೇನು, ಯಾರದಾದರೂ ಕೈ ಹಿಂದಿನಿಂದ ಬಂದಿದೆಯೇ ಎಂದು ಮತ್ತೆ ನೋಡಿದರೆ, ಆ ತೋಳು ಪೂರ್ತಿ ಅವಳ ಜಡೆಯೇ. ರಟ್ಟೆಯ ಉಬ್ಬು, ಮಣಿಕಟ್ಟಿನ ಸಪೂರ, ಒಳಕ್ಕೆ ಮಡಚಿದ ಬೆರಳುಗಳ ಗೆಣ್ಣು, ಎಲ್ಲವೂ ಕಪ್ಪು ಕೂದಲಲ್ಲೇ ಆದವು.

ಈಕೆ ಲೆಟೀಷಿಯಾ ಕೀ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನ ದೊಡ್ಡ ಪಟ್ಟಣ ಅಬಿಜಾನ್‌ನಲ್ಲಿ 1996ರಲ್ಲಿ ಹುಟ್ಟಿದವಳು. ಕಲಾಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಓದಿದ್ದು ವ್ಯವಹಾರದ ವಿಷಯ. ಆಕೆಯ ಮೊದಲ ಗ್ಯಾಲರಿ ಇನ್‌ಸ್ಟಾಗ್ರಾಮ್. 2017ರಲ್ಲಿ ಅಲ್ಲಿ ಹಾಕಿದ ಕೆಲವು ಚಿತ್ರಗಳು ಕೈಯಿಂದ ಕೈಗೆ ಹಾರಿ ಲೋಕವೆಲ್ಲ ಸುತ್ತಿದವು. ಬೆರಳಾಡಿಸಿದರೆ ಸರಿದುಹೋಗುವ ಸಾವಿರ ಚಿತ್ರಗಳ ನಡುವೆ ಇವು ಬೆರಳನ್ನು ಹಿಡಿದು ನಿಲ್ಲಿಸುತ್ತವೆ.

ಇದನ್ನು ಮಾಡುವುದು ಹೇಗೆ? ಆಕೆಯೇ ಹೇಳಿಕೊಂಡಂತೆ ಬೇಕಾದ ಸಾಮಾನು ಬಹಳವಿಲ್ಲ: ತನ್ನ ಕೂದಲು, ಜೊತೆಗೆ ಸೇರಿಸಿದ ಚೌರಿ, ಬಾಗುವ ತಂತಿ, ಸೂಜಿ, ದಾರ. ತಂತಿಯನ್ನು ಬಗ್ಗಿಸಿ ಆಕಾರಕ್ಕೆ ಎಲುಬು ಕೊಡುತ್ತಾಳೆ. ಅದರ ಮೇಲೆ ಕೂದಲನ್ನು ಸುತ್ತಿ, ಹೆಣೆದು, ಸಡಿಲಾದಲ್ಲಿ ಹೊಲಿಗೆ ಹಾಕುತ್ತಾಳೆ. ನಮ್ಮ ಮದುವೆಮನೆಗಳಲ್ಲಿ ಮೊಗ್ಗಿನ ಜಡೆ ಹೆಣೆಯುವವರ ಕೈಚಳಕ ಕಂಡವರಿಗೆ ಈ ಕೆಲಸ ಕೂಡಲೇ ಅರ್ಥವಾಗುತ್ತದೆ. ಅಲ್ಲಿಯೂ ಚೌರಿ ಸೇರುತ್ತದೆ, ಸೂಜಿದಾರ ಓಡುತ್ತದೆ, ಮದುಮಗಳು ಕತ್ತು ಅಲುಗಿಸದೆ ಕೂರುತ್ತಾಳೆ. ವ್ಯತ್ಯಾಸ ಒಂದೇ. ಮೊಗ್ಗಿನ ಜಡೆ ಬೆನ್ನ ಮೇಲೆ ಇಳಿಯುತ್ತದೆ, ಇವಳ ಜಡೆ ಆಕಾಶಕ್ಕೆ ಏಳುತ್ತದೆ. ಹೆಣೆಯುವವಳೂ ಕೂರುವವಳೂ ಇಲ್ಲಿ ಒಬ್ಬಳೇ.

ಏಳುವುದಕ್ಕೆ ತಂತಿಯಷ್ಟೇ ಕಾರಣವಲ್ಲ, ಆ ಕೂದಲ ಗುಣವೂ ಕಾರಣ. ನೆಟ್ಟನೆಯ ಕೂದಲು ಜಾರುತ್ತದೆ, ಗಂಟಿನಿಂದ ನುಣುಚುತ್ತದೆ. ಬಿಗಿ ಗುಂಗುರಿನ ಎಳೆ ಪಕ್ಕದ ಎಳೆಯನ್ನು ಕೊಂಡಿಯಂತೆ ಹಿಡಿಯುತ್ತದೆ, ಕೊಟ್ಟ ಆಕಾರವನ್ನು ಉಳಿಸಿಕೊಳ್ಳುತ್ತದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಮುಷ್ಟಿಯ ಅಂಚಿನಲ್ಲಿ ಸಣ್ಣ ಎಳೆಗಳು ನವಿರಾಗಿ ಎದ್ದಿರುತ್ತವೆ. ಅದನ್ನು ಪೂರ್ತಿ ಒತ್ತಿ ನಯಗೊಳಿಸಬಹುದಿತ್ತು. ಹಾಗೆ ಮಾಡಿದ್ದರೆ ಅದು ಪ್ಲಾಸ್ಟಿಕ್ಕಿನ ಗೊಂಬೆಯಂತೆ ಕಾಣುತ್ತಿತ್ತು. ಆ ನವಿರು ಇರುವುದರಿಂದಲೇ ಶಿಲ್ಪ ಉಸಿರಾಡುತ್ತದೆ, ಇದು ಬದುಕಿರುವ ತಲೆಯಿಂದಲೇ ಬಂದದ್ದು ಎಂಬುದು ನೆನಪಿನಲ್ಲಿ ಉಳಿಯುತ್ತದೆ.

ಇದೇ ಕೂದಲನ್ನು ಆಕೆ ಒಂದು ಕಾಲಕ್ಕೆ ಬೇಡವೆಂದಿದ್ದಳು. ಅಬಿಜಾನ್‌ನ ಲೆಕ್ಕವಿಲ್ಲದಷ್ಟು ಹೆಣ್ಣುಮಕ್ಕಳಂತೆ ಇವಳ ತಲೆಗೂ ಚಿಕ್ಕಂದಿನಲ್ಲೇ ರಿಲ್ಯಾಕ್ಸರ್ ಬಿತ್ತು. ಗುಂಗುರನ್ನು ನೆಟ್ಟಗೆ ಮಾಡುವ ಈ ರಾಸಾಯನಿಕದಲ್ಲಿ ಹಲವು ಬಗೆಗಳಿಗೆ ಸೋಡಿಯಂ ಹೈಡ್ರಾಕ್ಸೈಡೇ ಮೂಲವಸ್ತು. ಸಾಬೂನು ಮಾಡಲು ಬಳಸುವ ಅದೇ ಕಾಸ್ಟಿಕ್ ಸೋಡಾ. ಕೂದಲೊಳಗಿನ ಗಂಧಕದ ಬೆಸುಗೆಯನ್ನು ಅದು ಒಡೆಯುತ್ತದೆ. ಹೊತ್ತು ಮೀರಿದರೆ ನೆತ್ತಿಯ ಚರ್ಮವನ್ನೂ ಸುಡುತ್ತದೆ. ಹೀಗೆ ಸೊರಗಿದ ಕೂದಲಿಗೆ ಹದಿಹರೆಯದಲ್ಲಿ ಬಿಗಿಯಾಗಿ ಜಡೆ ಹಾಕಿಸಿಕೊಂಡಾಗ ಅದು ಉದುರಿಹೋಯಿತು. ಬೇರೆ ದಾರಿ ಹುಡುಕುತ್ತಾ ಅಂತರ್ಜಾಲದಲ್ಲಿ ಅಲೆದವಳಿಗೆ, ತಮ್ಮ ಕೂದಲನ್ನು ಇದ್ದ ಹಾಗೆಯೇ ಬೆಳೆಸಿ ಹೆಮ್ಮೆಯಿಂದ ತೋರಿಸುತ್ತಿದ್ದ ಅಮೆರಿಕದ ಕಪ್ಪು ಮಹಿಳೆಯರು ಸಿಕ್ಕರು. ಆಕೆ ಹೊಸದಾಗಿ ಬೆಳೆಸತೊಡಗಿದಳು. ಆಮೇಲೆ, ವಸಾಹತು ಕಾಲಕ್ಕೆ ಹಿಂದಿನ ಆಫ್ರಿಕನ್ ಹೆಂಗಸರ ಕೇಶವಿನ್ಯಾಸದ ಚಿತ್ರಗಳ ಸಂಗ್ರಹವೊಂದು ಕಣ್ಣಿಗೆ ಬಿತ್ತು. ತನ್ನ ಮುತ್ತಜ್ಜಿಯರ ಕಾಲದ ತಲೆಗಳ ಮೇಲೆ ಇಷ್ಟೆಲ್ಲ ಇತ್ತೇ ಎಂಬ ಬೆರಗಿನಲ್ಲಿ ತನ್ನ ಬೆರಳುಗಳನ್ನೂ ಆಡಿಸಿ ನೋಡಿದಳು.

ಆ ಬೆರಗು ಎಂಥದ್ದೆಂದು ತಿಳಿಯಬೇಕಿದ್ದರೆ ನೈಜೀರಿಯಾದ ಛಾಯಾಗ್ರಾಹಕ ಓಖಾಯ್ ಓಜೆಯಿಕೆರೆ ತೆಗೆದ ಕಪ್ಪುಬಿಳುಪು ಚಿತ್ರಗಳನ್ನು ನೋಡಬೇಕು. 1968ರಿಂದ ಶುರುಮಾಡಿ ಸುಮಾರು ಸಾವಿರ ಕೇಶವಿನ್ಯಾಸಗಳನ್ನು ಆತ ಸೆರೆಹಿಡಿದರು. ಹೆಚ್ಚಿನವು ಹಿಂದಿನಿಂದ ತೆಗೆದವು. ಮುಖವಿಲ್ಲ, ಕತ್ತು ಮತ್ತು ಅದರ ಮೇಲೆ ಎದ್ದ ವಾಸ್ತುಶಿಲ್ಪ ಮಾತ್ರ. ಅಲ್ಲಿನ ಯೊರುಬಾ ಸಮುದಾಯದ ಹೆಂಗಸರು ಕೂದಲಿಗೆ ಕಪ್ಪು ದಾರ ಸುತ್ತಿ, ಕೋಲಿನಂತೆ ಗಟ್ಟಿಮಾಡಿ, ಕಮಾನಾಗಿ ಬಗ್ಗಿಸಿ ಕಟ್ಟುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಲಾಗೋಸ್‌ನಲ್ಲಿ ಕಟ್ಟಡ, ಸೇತುವೆಗಳು ಏಳುತ್ತಿದ್ದಂತೆ ಅವು ತಲೆಯ ಮೇಲೂ ಎದ್ದವು. ಅಲ್ಲಿನ ಎಕೊ ಸೇತುವೆಯ ಹೆಸರಿನದೇ ಒಂದು ಕೇಶವಿನ್ಯಾಸವಿದೆ. ಮಹಡಿಯಂತೆ ಮೇಲೇರಿದ ‘ಒನಿಲೆ ಗೊಗೊರೊ’ವನ್ನಂತೂ ಒಮ್ಮೆ ನೋಡಿದವರು ಮರೆಯಲಾರರು. ಲೆಟೀಷಿಯಾಳ ಕೈಗಳು ಎಲ್ಲಿಂದ ಬಂದವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಂಶವೃಕ್ಷ ಬೇಡ. ಮೊಮ್ಮಗಳು ದಾರದ ಜೊತೆಗೆ ತಂತಿ ಸೇರಿಸಿದಳು, ಕಟ್ಟಡದ ಬದಲು ಕಥೆ ಕಟ್ಟಿದಳು.

ಕಥೆಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಒಂದು ಪುಟ್ಟ ದೃಶ್ಯ. ಆಕೆಯ ತಲೆಯ ಮೇಲೆ ಕೂದಲಿನದೇ ಎರಡು ಆಕೃತಿಗಳು, ಒಬ್ಬ ಗಂಡು, ಒಬ್ಬಳು ಹೆಣ್ಣು. ಗಂಡು ಹೆಣ್ಣಿನ ಲಂಗವನ್ನು ಎತ್ತುತ್ತಿದ್ದಾನೆ. ಲೈಂಗಿಕ ಕಿರುಕುಳದ ವಿರುದ್ಧ ‘ಮೀ ಟೂ’ ದನಿ ಎದ್ದ ಹೊತ್ತಿನಲ್ಲಿ ಮಾಡಿದ್ದು. ಇದನ್ನು ಕಾಗದದ ಮೇಲೆ ಬರೆದಿದ್ದರೆ ಒಂದು ಪೋಸ್ಟರ್ ಆಗುತ್ತಿತ್ತು, ಅಷ್ಟೇ. ಇಲ್ಲಿ ಆ ಲಂಗ ಅವಳದೇ ಕೂದಲು, ಅದನ್ನು ಎತ್ತುವ ಕೈಯೂ ಅವಳದೇ ಕೂದಲು, ಕೆಳಗೆ ಅವಳದೇ ಮುಖ. ಬೀದಿಯಲ್ಲಿ, ಬಸ್ಸಿನಲ್ಲಿ ನಡೆದ ಒಂದು ಗಳಿಗೆಯನ್ನು ಹೆಣ್ಣುಮಕ್ಕಳು ಎಷ್ಟು ವರ್ಷ ತಲೆಯಲ್ಲಿ ಹೊತ್ತು ತಿರುಗುತ್ತಾರೆ ಎಂಬುದನ್ನು ಆ ಚಿತ್ರ ಒಂದಕ್ಷರವೂ ಇಲ್ಲದೆ ಹೇಳುತ್ತದೆ. ಅದನ್ನು ನೋಡಿ ಫೋನನ್ನು ಮಡಿಲಲ್ಲಿ ಮಗುಚಿಟ್ಟು ಸುಮ್ಮನೆ ಕೂತಿದ್ದೆ.

ಗರ್ಭಕೋಶದ ಆಕಾರವನ್ನು ಕೂದಲಲ್ಲಿ ಕಟ್ಟಿ ಮುಟ್ಟಿನ, ಬಸಿರಿನ ಮಾತು ಎತ್ತಿದ್ದಾಳೆ. ಆಫ್ರಿಕಾ ಖಂಡದ ನಕ್ಷೆಯನ್ನು ಕಿರೀಟದಂತೆ ಹೊತ್ತಿದ್ದಾಳೆ. ಎಲ್ಲವೂ ಒಂದೇ ತೂಕದವಲ್ಲ. ಘೋಷಣೆ ಮೊದಲು ಹುಟ್ಟಿ ಆಕಾರ ಆಮೇಲೆ ಬಂದಂಥ ಚಿತ್ರಗಳು ಅರ್ಥವಾದ ಕೂಡಲೇ ಮುಗಿದುಹೋಗುತ್ತವೆ. ಚಿತ್ರದ ಕೆಳಗಿನ ಬರಹವನ್ನು ಮುಚ್ಚಿಟ್ಟರೂ ನಿಲ್ಲುವಂಥವೇ ಆಕೆಯ ನಿಜವಾದ ಕೆಲಸ ಎಂದು ನಾನು ತಿಳಿದಿದ್ದೇನೆ. ಅಂಥವು ಸಾಕಷ್ಟಿವೆ.

ಕಲಾಲೋಕವೂ ಗುರುತಿಸಿತು. 2022ರಲ್ಲಿ ವೆನಿಸ್ ಬಿಯೆನಾಲೆ ಕಲಾ ಪ್ರದರ್ಶನದ ಐವರಿ ಕೋಸ್ಟ್ ವಿಭಾಗದಲ್ಲಿ ಆಕೆಯ ಕೃತಿಗಳು ಇದ್ದವು. ಅದೇ ವರ್ಷ ‘ಲವ್ ಅಂಡ್ ಜಸ್ಟಿಸ್’ ಎಂಬ ಪುಸ್ತಕ ಬಂತು. ಸಿನಿಮಾಗಳಲ್ಲೂ ನಟಿಸಿದ್ದಾಳೆ, 2023ರ ‘ಡಿಸ್ಕೊ ಬಾಯ್’ ಅದರಲ್ಲೊಂದು.

ಕೂದಲಿಗೆ ಇಷ್ಟೊಂದು ಮಾತೇಕೆ ಎಂದು ಕೇಳುವವರಿಗೆ ದಕ್ಷಿಣ ಆಫ್ರಿಕಾದ ಜುಲೈಖಾ ಪಟೇಲ್ ಹೆಸರು ಹೇಳಬೇಕು. 2016ರ ಆಗಸ್ಟ್‌ನಲ್ಲಿ, ಇನ್ನೂ 13ರ ಹುಡುಗಿ, ಪ್ರಿಟೋರಿಯಾದ ಬಾಲಕಿಯರ ಶಾಲೆಯೊಂದರಲ್ಲಿ ಗೆಳತಿಯರೊಂದಿಗೆ ಪ್ರತಿಭಟನೆಗೆ ನಿಂತಳು. ಕಪ್ಪು ಹುಡುಗಿಯರ ಸಹಜ ಕೂದಲು ಅಲ್ಲಿನ ನಿಯಮದ ಕಣ್ಣಿಗೆ ಅಶಿಸ್ತಾಗಿ ಕಾಣುತ್ತಿತ್ತು. ಕೈಗಳನ್ನು ಮೇಲೆತ್ತಿ ಅಡ್ಡವಾಗಿ ಹಿಡಿದು ನಿಂತ ಅವಳ ಚಿತ್ರ ಸಾಮಾಜಿಕ ಜಾಲತಾಣಗಳಲ್ಲಿ ಹರಡಿತು, ನಿಯಮವನ್ನು ತಡೆಹಿಡಿಯಬೇಕಾಯಿತು. ಮುಂದೆ ಅವಳು ಗುಂಗುರು ಕೂದಲ ಬಗ್ಗೆಯೇ ಮಕ್ಕಳ ಪುಸ್ತಕವನ್ನೂ ಬರೆದಳು.

ಇದೆಲ್ಲ ದೂರದ ಊರಿನ ಸುದ್ದಿಯೇನಲ್ಲ. ಶತಮಾನಗಳ ಹಿಂದೆ ಪೂರ್ವ ಆಫ್ರಿಕಾದಿಂದ ಬಂದವರ, ಗುಲಾಮರಾಗಿ ತರಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ನಮ್ಮ ಉತ್ತರ ಕನ್ನಡದಲ್ಲಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನ ಊರುಗಳ ಸಿದ್ದಿಯರು. ಹಳೆ ಬಟ್ಟೆಯ ತುಂಡುಗಳಿಂದ ಚಂದದ ಕೌದಿ ಹೊಲಿಯುವ ತಾಯಂದಿರು ಅವರಲ್ಲಿದ್ದಾರೆ. ಅವರ ಹೆಣ್ಣುಮಕ್ಕಳು ಎರಡು ಜಡೆ, ಎರಡು ರಿಬ್ಬನ್ನು ಕಟ್ಟಿಬರಬೇಕಾದ ಶಾಲೆಗಳಿಗೆ ಹೋಗುತ್ತಾರೆ. ಬಿಗಿ ಗುಂಗುರಿನ ತಲೆಗೆ ಆ ಎರಡು ಜಡೆ ಹಾಕುವುದು ಎಷ್ಟು ಪ್ರಯಾಸವೆಂದು ಬಾಚಿದ ತಾಯಿಗೇ ಗೊತ್ತು.

ಆ ಕಡೆಯ ಶಾಲೆಗಳ ಮೇಷ್ಟ್ರು, ಟೀಚರಮ್ಮಂದಿರಲ್ಲಿ ನನ್ನದೊಂದು ವಿನಂತಿ. ನಿಮ್ಮ ಫೋನಿನಲ್ಲಿ ಲೆಟೀಷಿಯಾ ಕೀಯ ಪುಟ ತೆರೆಯಿರಿ. ಮಕ್ಕಳಿಗೆ ಒಗ್ಗುವ ಚಿತ್ರಗಳನ್ನು ನೀವೇ ಆರಿಸಿ, ಆ ತೋಳನ್ನು, ಆ ನಕ್ಷೆಯನ್ನು, ತರಗತಿಯಲ್ಲಿ ಎಲ್ಲ ಮಕ್ಕಳಿಗೂ ತೋರಿಸಿ. ಗುಂಗುರು ಕೂದಲ ಹುಡುಗಿಯೊಬ್ಬಳು ಹಿಂದಿನ ಬೆಂಚಿನಲ್ಲಿದ್ದರೆ, ಫೋನನ್ನು ಮೊದಲು ಅವಳ ಕೈಗೆ ಕೊಡಿ.